ಸಾಲೊಮನ್ ಪಾಸ್ಟರರ ಸ್ಟಿಕ್ಕರ್

ಎಡಗೈಯೇ ಇರಬೇಕು. ಬಲಗೈಯಲ್ಲಿ ಬೈಬಲ್ ಇರುತ್ತಿತ್ತಲ್ಲ. ಅಥವಾ ಬೈಬಲನ್ನು ಆಮೇಲೆ ನಾನೇ ಅವರ ಕೈಗೆ ಕೊಟ್ಟೆನೋ ಏನೋ, ಅದಿಲ್ಲದೆ ಪಾದ್ರಿಯ ಚಿತ್ರ ಪೂರ್ತಿಯಾಗುವುದಿಲ್ಲವೆಂದು. ಬಿಸಿಲಲ್ಲಿ ಕಾದ ಬೈಕುಗಳ ಪೆಟ್ರೋಲ್ ಟ್ಯಾಂಕಿನ ಮೇಲೆ ಸಾಲೊಮನ್ ಪಾಸ್ಟರ್ ಅಂಗೈ ಊರುತ್ತಿದ್ದದ್ದು, ಪ್ರಾರ್ಥನೆ ಮುಗಿಯುವವರೆಗೂ ಅದನ್ನು ತೆಗೆಯದಿದ್ದದ್ದು ಮಾತ್ರ ಖಚಿತ.

ಬೊಮ್ಮಸಂದ್ರದಲ್ಲಿ ನನ್ನ ಬಾಡಿಗೆ ರೂಮಿನ ಎದುರಿಗೇ ಅವರ ತಗಡಿನ ಶೀಟಿನ ಪ್ರಾರ್ಥನಾಲಯ. ನಾನು ಆ ಸಭೆಯವನಲ್ಲ, ಭಾನುವಾರದ ಚಹಾಕ್ಕೆ ಹೋಗುತ್ತಿದ್ದವನು. "ಈ ಹುಡುಗ್ರು ಬೈಕ್ ಬಿಟ್ಟು ಇಳಿಯೋದೇ ಇಲ್ಲ ಸಾರ್. ದೇವ್ರೇ ಬೈಕ್ ಹತ್ರ ಬರ್ಬೇಕು" ಎನ್ನುತ್ತಿದ್ದರು. ಹಾಗಾಗಿ ಆಯುಧಪೂಜೆ ಕಳೆದ ಭಾನುವಾರ ಕಾರ್ಖಾನೆಯವರ ಬೈಕುಗಳಿಗೆಲ್ಲ ಪ್ರಾರ್ಥನೆ. ಯಾರು ಬೇಕಾದರೂ ಬರಬಹುದು. ಬಂದವರು ಅಭ್ಯಾಸಬಲದಿಂದ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದರು.

"ಇಲ್ಲಿ ಅದೆಲ್ಲ ಬೇಡ ಕಣಪ್ಪಾ."

"ಇರ್ಲಿ ಬಿಡಿ ಪಾಸ್ಟರ್. ಮುಂದಿನ್ ಚಕ್ರ ಮಾರಮ್ಮ ನೋಡ್ಕೋತಾಳೆ, ಹಿಂದಿಂದು ನಿಮ್ಮೋರು ನೋಡ್ಕೊಳ್ಳಲಿ."

ಪಾಸ್ಟರ್ ನಕ್ಕು, ಆ ನಿಂಬೆಹಣ್ಣುಗಳನ್ನೇ ತೊಳೆಸಿ ಎಲ್ಲರಿಗೂ ಪಾನಕ ಮಾಡಿಸಿದರು.

ಒಂದು ವರ್ಷ ಆ ಭಾನುವಾರ ಟ್ಯಾಂಕಿಗೆ ಅಂಟಿಸಲು ಸ್ಟಿಕ್ಕರ್ ಹಂಚಿದರು: 'ಯೇಸುವಿನಲ್ಲಿ ರಕ್ಷಣೆ'. ಅವರ ಸಭೆಯಲ್ಲಿ ರಕ್ಷಣೆಯೆಂದರೆ ಪಾಪದಿಂದ ಬಿಡುಗಡೆ. ಲಾರಿಗಳ ನಡುವೆ ಶಿಫ್ಟಿಗೆ ಹೋಗಿಬರುವವರಿಗೆ ಆ ಪದದ ಅರ್ಥ ಬೇರೆ. ಔಷಧಿ ಕಾರ್ಖಾನೆಯಲ್ಲಿದ್ದ ಯಾದಗಿರಿ ಕಡೆಯ ಬಸವರಾಜ ಎರಡು ಅಂಟಿಸಿಕೊಂಡ. ಮುಂದಿನ ತಿಂಗಳು ಸರ್ವಿಸ್ ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತ. ಹೆಲ್ಮೆಟ್ ಅವನ ರೂಮಿನ ಮೊಳೆಯಲ್ಲಿ ನೇತಾಡುತ್ತಿತ್ತು.

ಅವನ ಹೆಂಡತಿ ಶಿವಲೀಲಾ ಒಂದು ಭಾನುವಾರ ಪ್ರಾರ್ಥನೆಯ ನಡುವೆಯೇ ಬಂದು ಬಾಗಿಲಲ್ಲಿ ನಿಂತಳು. ನಾನು ಹೊರಗೆ ಬೆಂಚಿನ ಮೇಲಿದ್ದೆ.

"ರಕ್ಷಣಿ ಐತಿ ಅಂತ ಬರದು ಕೊಟ್ಟಿದ್ರಲ್ರೀ. ಎಲ್ಲೈತ್ರೀ?"

"ಅದು ಆತ್ಮದ ರಕ್ಷಣೆ ಕಣಮ್ಮಾ."

"ಆತ್ಮ ಡ್ಯೂಟಿಗೆ ಹೋಗ್ತಿದ್ದಿಲ್ರೀ. ಇವ್ರು ಹೋಗ್ತಿದ್ರು." ಒಂದು ಹೆಜ್ಜೆ ಒಳಗಿಟ್ಟು ಕೇಳಿದಳು: "ಈ ಸ್ಟಿಕ್ಕರ್ ಇದ್ರ ಹೆಲ್ಮೆಟ್ ಬೇಕೇನ್ರಿ ಅಂತ ನಿಮ್ಮನ್ನ ಕೇಳಿದ್ರಂತ. ಏನಂದ್ರಿ ನೀವು?"

ಪಾಸ್ಟರ್ ಅಂದಿನ ಪ್ರಾರ್ಥನೆಯನ್ನು ಅಲ್ಲಿಗೇ ನಿಲ್ಲಿಸಿದರು.

ಆಮೇಲೆ ಅವರು ಕಾರ್ಖಾನೆಗಳ ಬೈಕ್ ಸ್ಟ್ಯಾಂಡಿಗೆ ಬ್ಲೇಡು ಹಿಡಿದು ಹೋಗಿ ಸ್ಟಿಕ್ಕರ್ ಕೆರೆಯತೊಡಗಿದರು. "ಪೇಂಟ್ ಹೋಗುತ್ತೆ, ಬಿಡಿ ಅಣ್ಣ" ಎಂದು ಹುಡುಗರು ಅಡ್ಡ ನಿಲ್ಲುತ್ತಿದ್ದರು. ಒಬ್ಬ ಕೈಯನ್ನೇ ಹಿಡಿದುಕೊಂಡ: "ಇದು ಹಾಕಿದ್ಮೇಲೆ ಒಂದ್ಸಲನೂ ಬಿದ್ದಿಲ್ಲ ಗುರು ನಾನು." ಅವನದನ್ನು ಕೆರೆಯಲು ಆಗಲಿಲ್ಲ. ಸಭೆಗೆ ಜನ ಕಡಿಮೆಯಾದರು. ಪಾಸ್ಟರ್ ಉಪದೇಶದ ನಡುವೆ 'ರಕ್ಷಣೆ' ಎಂಬ ಪದ ಬಂದಾಗಲೆಲ್ಲ ನಿಂತುಬಿಡುತ್ತಿದ್ದರಂತೆ.

ಪ್ರಾರ್ಥನಾಲಯ ಖಾಲಿ ಮಾಡುವ ಹಿಂದಿನ ಸಂಜೆ ನನ್ನ ರೂಮಿಗೆ ಬಂದರು. ಕೂರಲಿಲ್ಲ.

"ಸ್ಟಿಕ್ಕರ್ ಕೊಟ್ಟ ದಿನ ನೀವೂ ಪಕ್ಕದಲ್ಲೇ ಇದ್ರಲ್ಲ ಸಾರ್. ಬಸವರಾಜ ಹೆಲ್ಮೆಟ್ ವಿಷಯ ಕೇಳಿದ್ದು ನೆನಪಿದೆ ನಂಗೆ. ನಾನೇನಂದೆ? ಬೇಕು ಅಂದ್ನಾ? ತಮಾಷೆಗೆ ಬೇಡ ಅಂದ್ಬಿಟ್ನಾ?"

"ಬೇಕು ಅಂದ್ರಿ ಅನ್ಸುತ್ತೆ" ಎಂದೆ.

"ಅನ್ಸುತ್ತೆ" ಎಂದು ಮೆಟ್ಟಿಲಿಳಿದರು.

ಮತ್ತೆ ಅವರನ್ನು ನೋಡಿಲ್ಲ. ಬಸವರಾಜ ಕೇಳಿದ್ದು ನನಗೂ ನೆನಪಿದೆ, ಸುತ್ತಲಿದ್ದವರೆಲ್ಲ ನಕ್ಕದ್ದೂ ನೆನಪಿದೆ. ಪಾಸ್ಟರ್ ಏನೆಂದರೋ ನನಗೆ ಗೊತ್ತಿಲ್ಲ.