ಬಾಟಲಿಯೊಳಗಿನ ಕರಿ ಮರಿಗಳು

ಆಸ್ಪತ್ರೆಯ ನರ್ಸಮ್ಮಂದಿರು ಅವಳಿಗಿಟ್ಟ ಹೆಸರು ಹೇನಕ್ಕ. ದಿನಬೆಳಗಾದರೆ ಆಸ್ಪತ್ರೆ ತೋಟದ ಗುಲಾಬಿ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೋಪು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಮೊಗ್ಗಿಗಂಟಿ ರಸ ಹೀರುವ ಹಸಿರು ಹೇನು ಒರೆಸುವವಳಿಗೆ ಇನ್ನೇನು ಹೆಸರಿಡುತ್ತಾರೆ? ಅವಳಿಗೂ ಅದರ ಬಗ್ಗೆ ಬೇಜಾರಿರಲಿಲ್ಲ. ಬೇಜಾರು ಮಾಡಿಕೊಳ್ಳುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ. ನೂರನಲವತ್ತು ಗಿಡ, ಒಬ್ಬಳೇ ಆಳು, ಐವತ್ತೆರಡು ದಾಟಿದ ಸೊಂಟ. ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಯಲ್ಲಿ ಹೇನುಗಳು ಹೊಸ ಸಂಸಾರ ಹೂಡಿರುತ್ತಿದ್ದವು.

ಅವಳಿಗಿಂತ ಮುಂಚೆ ಆ ಕೆಲಸದಲ್ಲಿದ್ದವನು ಅವಳ ಗಂಡ. ಇಪ್ಪತ್ತಾರು ವರ್ಷ, ವಾರಕ್ಕೊಮ್ಮೆ, ಔಷಧಿ ಪಂಪನ್ನು ಬೆನ್ನಿಗೇರಿಸಿಕೊಂಡು ಸಿಂಪಡಿಸಿದ. ಒಂದು ಹುಳ ಉಳಿಯುತ್ತಿರಲಿಲ್ಲ. ಕೊನೆಗೆ ಅವನ ಉಸಿರೂ ನೆಟ್ಟಗೆ ಉಳಿಯಲಿಲ್ಲ. ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕು. ಔಷಧಿಯಿಂದಲೇ ಹೀಗಾಯಿತೇ ಎಂದು ಕೇಳಿದ್ದಕ್ಕೆ ಡಾಕ್ಟರು, "ಹಾಗಂತ ಖಚಿತವಾಗಿ ಹೇಳೋಕಾಗಲ್ಲಮ್ಮ" ಅಂದಿದ್ದರು. ಅವಳಿಗೆ ಮಾತ್ರ ಖಚಿತವಾಗಿತ್ತು. ಕೆಲಸ ತನ್ನ ಕೈಗೆ ಬಂದ ದಿನವೇ ಪಂಪನ್ನು ಶೆಡ್ಡಿನೊಳಗಿಟ್ಟು ಬೀಗ ಜಡಿದು, ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

ಈ ಸಲ ಹೇನು ಮಿತಿಮೀರಿತು. ಮೇಲ್ವಿಚಾರಕ ಬಂದು ನೋಡಿ ಮುಖ ಕಿವುಚಿದ. "ಸೋಮವಾರದವರೆಗೆ ನೋಡ್ತೀನಿ. ಕಮ್ಮಿ ಆಗಿಲ್ಲಾಂದ್ರೆ ಪಂಪು ಹೊರಗೆ ತೆಗಿ. ಹೊರೋದು ನೀನೇ."

ಅವಳ ಆಸೆಯೆಲ್ಲ ಗುಲಗಂಜಿ ಹುಳುಗಳ ಮೇಲಿತ್ತು. ಕೆಂಪು ಬೆನ್ನಿಗೆ ಕಪ್ಪು ಚುಕ್ಕೆಯಿಟ್ಟುಕೊಂಡ ಆ ಹುಳುಗಳು ಎಲೆಯಡಿ ಮೊಟ್ಟೆಯಿಟ್ಟಿದ್ದವು, ಮರಿಗಳೂ ಹೊರಬಂದಿದ್ದವು. ತಾಯಿ ಅಷ್ಟು ಚೆಂದ. ಮರಿ ನೋಡಿದರೆ ಉರಿದ ಬತ್ತಿಯ ತುಂಡಿಗೆ ಆರು ಕಾಲು ಬಂದ ಹಾಗೆ. ಆದರೆ ಮಹಾ ಹೊಟ್ಟೆಬಾಕ ಮರಿಗಳು, ಹೊತ್ತುಗೊತ್ತಿಲ್ಲದೆ ಹೇನು ತಿನ್ನುತ್ತಿದ್ದವು. ಅವಕ್ಕೆ ತಾಗದಿರಲೆಂದು ಅವಳು ಆ ಗಿಡಗಳಿಗೆ ಸೋಪು ನೀರನ್ನೂ ಸೋಕಿಸಲಿಲ್ಲ. ಶನಿವಾರದ ಹೊತ್ತಿಗೆ ಎಷ್ಟೋ ಮೊಗ್ಗುಗಳು ಶುಭ್ರವಾಗಿದ್ದವು. ಅಂದು ಮನೆಗೆ ಬಂದವಳು, "ಸೋಮವಾರದೊಳಗೆ ಹುಳ ಹೋದ್ರೆ ಗೆದ್ದ ಹಾಗೆ ಕಣ್ರೀ" ಅಂದಳು. ಯಾವ ಹುಳ, ಹೇಗೆ ಹೋಗುತ್ತದೆ ಎಂದು ಬಿಡಿಸಿ ಹೇಳುವ ಮೊದಲೇ ತಟ್ಟೆಯ ಮುಂದೆ ತೂಕಡಿಸಿಬಿಟ್ಟಳು.

ಭಾನುವಾರ ತಂಗಿಯ ಮನೆಗೆ ಹೋಗಿ ಸಂಜೆ ವಾಪಸು ಬಂದಾಗ ಗಂಡ ಬಾಗಿಲಲ್ಲೇ ಕಾಯುತ್ತಿದ್ದ. ಮೊಣಕಾಲಿಗೆ ಮಣ್ಣು, ಕೈಯಲ್ಲಿ ಗಾಜಿನ ಬಾಟಲಿ.

"ಒಬ್ನೇ ತೋಟಕ್ಕೆ ಹೋಗಿದ್ದೆ ಕಣೇ. ದಾರಿಯುದ್ದಕ್ಕೂ ಕೂತು ಕೂತು. ಹೇನು ನನ್ನ ಕಣ್ಣಿಗೆ ಸರಿಯಾಗಿ ಕಾಣಲ್ಲ. ಆದ್ರೆ ಈ ಕರಿ ಹುಳ ಇದ್ವಲ್ಲ, ಒಂದೂ ಬಿಡ್ಲಿಲ್ಲ ನೋಡು."

ಸೋಪು ನೀರಿನಲ್ಲಿ ಮರಿಗಳೆಲ್ಲ ಸತ್ತು ತೇಲುತ್ತಿದ್ದವು. ಅವಳಿಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ತೋಟದಲ್ಲಿ ದುಡಿದವನಿಗೆ ಇಷ್ಟೂ ಗೊತ್ತಿಲ್ಲವೇ? ಮರುಗಳಿಗೆಯೇ ಹೊಳೆಯಿತು: ಗೊತ್ತಾಗುವುದಾದರೂ ಹೇಗೆ? ಆ ಪಂಪು ಅವನ ಕಾಲದಲ್ಲಿ ಇಂಥ ಒಂದು ಮರಿಯನ್ನೂ ಬದುಕಲು ಬಿಟ್ಟಿರಲಿಲ್ಲ. ಅವನ ಮುಖ ನೋಡಿದಳು. ಕೆಲಸ ಬಿಟ್ಟ ಮೇಲೆ ಕಾಣದಿದ್ದ ಗೆಲುವು ಅಲ್ಲಿತ್ತು.

"ಒಳ್ಳೇ ಕೆಲಸ ಮಾಡಿದ್ರಿ," ಅಂದಳು. ಬಚ್ಚಲಿಗೆ ಹೋಗಿ ಬಾಟಲಿ ಬಗ್ಗಿಸಿ, ನಲ್ಲಿ ಜೋರಾಗಿ ಬಿಟ್ಟುಕೊಂಡು ಅತ್ತಳು.

ಸೋಮವಾರ ಬೆಳ್ಳಂಬೆಳಗ್ಗೆ ಬಟ್ಟೆ, ಬಕೆಟ್ಟು ಹಿಡಿದು ಹೊರಟರೆ ಗಂಡನೂ ಚಪ್ಪಲಿ ಮೆಟ್ಟಿ ನಿಂತಿದ್ದ. ಹೊಗಳಿಕೆ ಕೆಲಸ ಮಾಡಿತ್ತು. ಅವಳು ಎರಡು ಸಾಲು ಒರೆಸುವಷ್ಟರಲ್ಲಿ ಅವನು ಮೂರನೆಯ ಸಾಲಿನಿಂದ ಕೂಗಿದ: "ಇಲ್ಲೊಂದು ಉಳ್ಕೊಂಡಿದೆ!"

"ಮುಟ್ಬೇಡಿ!"

ಅವಳ ದನಿಗೆ ಅವನ ಬೆರಳು ಅಲ್ಲೇ ನಿಂತಿತು. ಎಲೆಯನ್ನು ಕಣ್ಣಿನ ಹತ್ತಿರ ಬಗ್ಗಿಸಿಕೊಂಡು ಬಹಳ ಹೊತ್ತು ನೋಡಿದ.

"ಇದು ಹೇನು ತಿಂತಿದೆಯಲ್ಲೇ."

"ಹೂಂ."

"ಮತ್ತೆ ನಿನ್ನೆ ಯಾಕೆ ಹೇಳ್ಲಿಲ್ಲ?"

"ಅಷ್ಟು ದೂರ ಒಬ್ರೇ ನಡ್ಕೊಂಡು ಬಂದಿದ್ರಲ್ಲ. ಬಾಯಿ ಬರ್ಲಿಲ್ಲ."

ಅಷ್ಟರಲ್ಲಿ ಮೇಲ್ವಿಚಾರಕ ಬಂದು ಒಂದು ಸುತ್ತು ನೋಡಿದ. "ಇನ್ನೂ ಹೇನಿದೆಯಲ್ಲಮ್ಮ. ಕೀಲಿಕೈ ತೆಗಿ."

ಅವಳು ಸೊಂಟಕ್ಕೆ ಕೈ ಹಾಕಿದಳು. ವಾದ ಮಾಡಲು ಮೈಯಲ್ಲಿ ತ್ರಾಣ ಉಳಿದಿರಲಿಲ್ಲ. ಆದರೆ ಗಂಡ ಕೈ ಚಾಚಿ ಕೀಲಿಕೈ ಇಸಿದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ಇವಳು... ಹೊರಲ್ಲ ಸಾರ್. ಕೆಡ್ಸಿದ್ದು ನಾನು. ನಾನೇ... ಹೊರ್ತೀನಿ."

ಮಾತಿನ ನಡುವೆ ಅವನ ಎದೆ ಸುಂಯ್ಗುಟ್ಟಿತು. ಮೇಲ್ವಿಚಾರಕ ಆ ಎದೆಯನ್ನೇ ನೋಡುತ್ತ ನಿಂತ. ಆಮೇಲೆ ನೆಲ ನೋಡುತ್ತ, "ಇನ್ನೊಂದು ವಾರ, ಅಷ್ಟೇ" ಎಂದು ಹೊರಟುಹೋದ.

ನೂರನಲವತ್ತು ಗಿಡಕ್ಕೆ ಒಂದೇ ಮರಿ. ಅವಳು ಮತ್ತೆ ಬಟ್ಟೆ ಅದ್ದಿದಳು. ಗಂಡ ಪಕ್ಕದಲ್ಲೇ ನೆಲಕ್ಕೆ ಕುಸಿದು ಕೂತು, ಮರಿಯಿದ್ದ ಎಲೆಯನ್ನು ಮೆಲ್ಲಗೆ ಕಿತ್ತು, ಹೇನು ಅತಿ ಹೆಚ್ಚಿದ್ದ ಮೊಗ್ಗಿನ ಬುಡಕ್ಕೆ ಒರಗಿಸಿಟ್ಟ.

"ತಿನ್ನಪ್ಪಾ," ಅಂದ, "ಬೇಗ ತಿನ್ನು. ಒಂದೇ ವಾರ ಇರೋದು."