ಅಂಚಿನಲ್ಲಿ ಬರೆದ ತೊಗರಿ

ನನ್ನ ಗಂಡ ಕೃಷಿ ಅರ್ಥಶಾಸ್ತ್ರಜ್ಞರಾಗಿದ್ದರು. ಹಾಗೆಂದರೇನೆಂದು ಬೀದರಿನ ನಮ್ಮ ಓಣಿಯಲ್ಲಿ ಯಾರಿಗೂ ಕೊನೆಯವರೆಗೆ ತಿಳಿಯಲಿಲ್ಲ. ಎದುರು ಮನೆಯವರು ತಮ್ಮ ನಿಂಬೆಗಿಡಕ್ಕೆ ಹುಳ ಬಿದ್ದಾಗಲೆಲ್ಲ ಬಂದು ಔಷಧಿ ಕೇಳುತ್ತಿದ್ದರು. ಇವರು ಗೊತ್ತಿಲ್ಲ ಎನ್ನುತ್ತಿದ್ದರು. ಇಷ್ಟೆಲ್ಲ ಓದಿಯೂ ಒಂದು ಹುಳ ಕೊಲ್ಲಲು ಬಾರದ ಗಂಡಸನ್ನು ಕಟ್ಟಿಕೊಂಡಳಲ್ಲ ಎಂದು ಅವರಿಗೆ ನನ್ನ ಮೇಲೆ ಕನಿಕರವಿತ್ತು.

ನಾನು ಹತ್ತನೆಯ ತರಗತಿಯವರೆಗೆ ಓದಿದವಳು. ನನಗೆ ತಿಳಿದ ಮಟ್ಟಿಗೆ, ಯೋಜನೆ ಬಂದ ಮೇಲೆ ಊರಿನವರ ಬದುಕು ಸುಧಾರಿಸಿತೇ ಎಂದು ಕೇಳಿಕೊಂಡು ಬರುವುದು ಅವರ ಕೆಲಸ. ಸುಧಾರಿಸಿದೆ ಎಂದು ಮೊದಲೇ ಬರೆದಿಟ್ಟುಕೊಳ್ಳುವುದು ಕಚೇರಿಯ ಕೆಲಸ. ಎರಡೂ ಕಡೆಯವರು ಶ್ರದ್ಧೆಯಿಂದಲೇ ದುಡಿದರು.

ಪ್ರಶ್ನೆಗಳ ಹಾಳೆ ದೂರದ ದೊಡ್ಡ ಕಚೇರಿಯಿಂದ ಅಚ್ಚಾಗಿ ಬರುತ್ತಿತ್ತು. ಅದರಲ್ಲಿ ಒಂದು ಹೊಲಕ್ಕೆ ಒಂದೇ ಬೆಳೆ, ಒಂದೇ ಚೌಕ. ನಮ್ಮ ಕಡೆ ಸೋಯಾಬಿನ್ ಸಾಲುಗಳ ನಡುವೆ ತೊಗರಿ ಬಿತ್ತುತ್ತಾರೆ. ಸೋಯಾ ಕೊಯ್ದ ಮೇಲೂ ತೊಗರಿ ಹೊಲದಲ್ಲಿ ನಿಂತಿರುತ್ತದೆ. ಚೌಕದಲ್ಲಿ ಸೋಯಾ ಬರೆದರೆ ತೊಗರಿಗೆ ಜಾಗವಿಲ್ಲ. ಇವರು ಅದನ್ನು ಪೆನ್ಸಿಲಿನಿಂದ ಹಾಳೆಯ ಅಂಚಿನಲ್ಲಿ ಬರೆಯುತ್ತಿದ್ದರು. ಭಾಲ್ಕಿ ಕಡೆಯ ಸಾಯಗಾಂವಕ್ಕೆ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಹೊಲದ ಯಜಮಾನತಿ ಹಾಳೆಯನ್ನು ಬಗ್ಗಿ ನೋಡಿದಳು.

"ಸಾಹೇಬ್ರ, ಇಷ್ಟು ದೊಡ್ಡ ಕಾಗದ ಅದ, ನಮ್ಮ ತೊಗರಿ ಯಾಕ ಮೂಲಿಗಿ ಕುಂದರಸ್ತೀರಿ?"

"ನಡುವಿನ ಜಾಗಾ ಕಚೇರಿದವ್ವಾ," ಎಂದರು ಇವರು.

"ಅಂದ್ರ ಕಚೇರಿಯವ್ರು ಬ್ಯಾಳಿ ಉಣ್ಣಂಗಿಲ್ಲೇನ್ರಿ?"

ಅಂಚನ್ನು ಯಾರೂ ಓದಲಿಲ್ಲ. ಔರಾದ ತಾಲ್ಲೂಕಿನ ಹಾಳೆಗಳನ್ನು ನೋಡಿ, ಅಲ್ಲಿನವರು ತೊಗರಿ ಬೆಳೆಯುವುದನ್ನೇ ಬಿಟ್ಟಿದ್ದಾರೆಂದು ಕಚೇರಿಗೆ ಗಾಬರಿಯಾಗಿ, ಡಾಬಕಾದಲ್ಲಿ ತೊಗರಿ ಜಾಗೃತಿ ಶಿಬಿರ ಏರ್ಪಾಟಾಯಿತು. ಪೆಂಡಾಲಿನ ಪಕ್ಕದಲ್ಲೇ ಆಳೆತ್ತರದ ತೊಗರಿ ಹೂಬಿಟ್ಟಿತ್ತು. ಭಾಷಣಕಾರರು ಅದಕ್ಕೆ ಬೆನ್ನು ಮಾಡಿ ನಿಂತು, ತೊಗರಿ ಎಂಬ ಬೆಳೆಯನ್ನು ರೈತರಿಗೆ ಪರಿಚಯಿಸಿದರು. ಮಧ್ಯಾಹ್ನದ ಊಟಕ್ಕೆ ಬೇಳೆ ಸಾಲದಾದಾಗ ಊರಿನವರೇ ಮನೆಯಿಂದ ತಂದುಕೊಟ್ಟರು. ಅದನ್ನು ಉಂಡು ಎಲ್ಲರೂ ಜೀಪು ಹತ್ತಿದರು.

ಇದನ್ನು ಹೇಳುವಾಗ ಇವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. "ನನ್ನ ಹಾಳಿ ನೋಡೇ ಮಾಡ್ಯಾರ," ಎಂದಷ್ಟೇ ಹೇಳಿದರು.

ಮರುವರ್ಷ ಡಾಬಕಾ, ಎಕಂಬಾಗಳನ್ನು ಮತ್ತೆ ಸುತ್ತಿ ಹೊಸದಾಗಿ ಹಾಳೆ ತುಂಬಿಸಿದರು. ಈ ಸಲದ ವರದಿಯಲ್ಲಿ ತೊಗರಿ ಬರಲೇಬೇಕೆಂದು ಹಟ ಹಿಡಿದಿದ್ದರು. ಬರೆಯಲು ಕೂರುವ ಮೊದಲೇ ಒಂದು ಬೆಳಿಗ್ಗೆ, ಅರ್ಧ ಗಡ್ಡ ಬೋಳಿಸಿಕೊಂಡಿದ್ದಾಗ, ಎದೆ ಹಿಡಿದು ಕುಸಿದರು.

ಹದಿಮೂರನೆಯ ದಿನ ಕಳೆದ ಮರುದಿನ ಅವರ ಸಹೋದ್ಯೋಗಿ ಹಾಳೆ ಒಯ್ಯಲು ಬಂದರು. ಕಚೇರಿ ಅಷ್ಟು ದಿನ ಕಾದದ್ದೇ ದೊಡ್ಡತನ.

"ವೈನಿ, ಅವರ ನೆನಪಿಗಿ ವರದಿ ಅಚ್ಚು ಹಾಕಸ್ತೇವ್ರಿ. ಮೊದಲ ಪುಟದಾಗ ಅವರ ಫೋಟೋ, ಹೆಸರು."

"ಅಂಚಿನಾಗ ಬರದಿದ್ದು?"

"ಅದು ಕಂಪ್ಯೂಟರಿಗಿ ಹೋಗಂಗಿಲ್ರಿ. ಜಾಗಾನೇ ಇಲ್ಲ."

"ಹಂಗಾದ್ರ ತೊಗರಿ ಇಲ್ಲಂತ ಬರ್ತದ?"

ಅವರು ತಲೆ ತಗ್ಗಿಸಿದರು. "ಮುಂದಿನ ಶಿಬಿರಕ್ಕ ಪೆಂಡಾಲ್ ಸುದ್ದಾ ಹೇಳೇವ್ರಿ."

ಕೆಟ್ಟ ಮನುಷ್ಯರಲ್ಲ. ಮಣ್ಣು ಕೊಡುವ ದಿನ ನನಗಿಂತ ಜೋರಾಗಿ ಅತ್ತವರು. ಹಾಳೆಗಳು ಕಚೇರಿಯವು, ಒಯ್ಯಬಹುದು ಎಂದೆ.

"ಆದ್ರ ಒಂದು ಮಾತ್ರಿ. ತೊಗರಿ ಬರೀರಿ, ಇಲ್ಲಾಂದ್ರ ಅವರ ಹೆಸರು ತೆಗೀರಿ."

"ಹೆಸರು ತೆಗೀಲಿಕ್ಕ ಹ್ಯಾಂಗ್ ಬರ್ತದ ವೈನಿ? ಇಡೀ ಜೀವ ಇದ್ರಾಗೇ ಸವೆಸ್ಯಾರ."

"ಅದಕ್ಕೇ ಹೇಳಾಕತ್ತೀನಿ."

ಅವರು ಅಂಗಳಕ್ಕೆ ಹೋಗಿ ಮೇಲಿನವರಿಗೆ ಫೋನ್ ಹಚ್ಚಿದರು. ಸತ್ತವರ ಹೆಸರಿಗಾಗಿ ಒಂದೆರಡು ದಿನವಾದರೂ ವಾದ ನಡೆದೀತೆಂದು ನಾನು ತಿಳಿದಿದ್ದೆ. ಒಲೆಯ ಮೇಲಿನ ಚಹಾ ಇನ್ನೂ ಕುದಿದಿರಲಿಲ್ಲ, ಒಳಗೆ ಬಂದರು.

"ಹೆಸರು ತೆಗೀತಾರಂತ್ರಿ."

ನನ್ನ ಗಂಡನ ಇಡೀ ನೌಕರಿಯಲ್ಲಿ ಇಷ್ಟು ಬೇಗ ಒಪ್ಪಿಗೆಯಾದ ತಿದ್ದುಪಡಿ ಇನ್ನೊಂದಿಲ್ಲ. ನಾನು ಹಾಳೆಗಳನ್ನು ಬಟ್ಟೆಯಲ್ಲಿ ಕಟ್ಟಿಕೊಟ್ಟೆ.

ವರದಿ ಬಂದಾಗ ಮರ್ಯಾದೆಗೆ ನನಗೂ ಒಂದು ಪ್ರತಿ ಕಳಿಸಿದರು. ನುಣುಪು ಕಾಗದ, ಬಣ್ಣದ ಚಿತ್ರಗಳು, ನಗುವ ರೈತರು. ಅವರ ಹೆಸರು ಅಪ್ಪಿತಪ್ಪಿ ಎಲ್ಲಾದರೂ ಉಳಿದಿದೆಯೇ ಎಂದು ಮೊದಲಿನಿಂದ ಕೊನೆಯವರೆಗೆ ಬೆರಳಿಟ್ಟು ಹುಡುಕಿದೆ. ತೊಗರಿಯಂತೆ ಅದೂ ಎಲ್ಲೂ ಇರಲಿಲ್ಲ. ಖಾತ್ರಿಯಾದ ಮೇಲೆ, ಅವರು ಹೋದಾಗಿನಿಂದ ಮೊದಲ ಸಲ, ಬಾಗಿಲು ಮುಂದೆ ಮಾಡಿಕೊಂಡು ಮನಸಾರೆ ಅತ್ತೆ.