ಎರಡು ಕಡೆ ಇದ್ದ ದನಿ

ಗಂಟಲಿನ ಆ ದೊಡ್ಡ ಆಪರೇಷನ್ ಆದಮೇಲೆ ಮನುಷ್ಯನಿಗೆ ದನಿ ಉಳಿಯುವುದಿಲ್ಲ. ಅದಕ್ಕೇ ಆ ಆಸ್ಪತ್ರೆಯಲ್ಲಿ ಒಂದು ಪದ್ಧತಿ ಇತ್ತು. ಆಪರೇಷನ್ನಿನ ಹಿಂದಿನ ವಾರ ರೋಗಿಯನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಬಾಯಿಗೆ ಬಂದದ್ದು ಮಾತಾಡಿ ಎಂದು ಮುಕ್ಕಾಲು ಗಂಟೆ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಮುಂದೆ ಎಂದಾದರೂ ಮಾತಾಡುವ ಯಂತ್ರ ಕೊಟ್ಟರೆ ಅದು ಅವರವರ ದನಿಯಲ್ಲೇ ಮಾತಾಡಲಿ ಎಂದು. ಯಂತ್ರ ಬರುವ ಸುದ್ದಿಯೇ ಇರಲಿಲ್ಲ, ದನಿಗಳು ಮಾತ್ರ ಇನ್ನೂರ ಹನ್ನೆರಡು ಸೇರಿದ್ದವು.

ಅವನ್ನು ಇಟ್ಟುಕೊಂಡಿದ್ದ ಸರ್ವರ್ ಇದ್ದದ್ದು ಹಿಂದೆ ಹಾಸಿಗೆ ಬಟ್ಟೆ ಇಡುತ್ತಿದ್ದ, ಕಿಟಕಿಯಿಲ್ಲದ ಕೋಣೆಯಲ್ಲಿ. ಗೋಡೆಯ ಮೇಲೆ ಇನ್ನೂ ‘ಒಗೆದದ್ದು’, ‘ಒಗೆಯಬೇಕಾದದ್ದು’ ಎಂಬ ಎರಡು ಬೋರ್ಡುಗಳು. ಅವುಗಳ ನಡುವೆ ಒಂದು ಮೇಜು, ಮೇಜಿನ ಹಿಂದೆ ಜೋಡಿ ಸಾರ್. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇತ್ತು. ಆದರೆ ಎರಡು ಕನ್ನಡಕ, ಎರಡು ಬೀಗದ ಕೈ, ಮೋಡವಿಲ್ಲದ ದಿನವೂ ಎರಡು ಕೊಡೆ ಇಟ್ಟುಕೊಂಡು ಓಡಾಡುವವರನ್ನು ಜನ ಇನ್ನೇನೆಂದು ಕರೆಯಬೇಕು ಹೇಳಿ.

“ಎಲ್ಲಾನೂ ಜೋಡಿ ಇಟ್ಟಿದೀರ, ಮನೇಲಿ ಮಾತ್ರ ಒಬ್ರೇನಾ ಸಾರ್?” ಎಂದು ಆಸ್ಪತ್ರೆಯ ಬಡಗಿ ಕೆಣಕುತ್ತಿದ್ದ.

“ಅವಳೊಬ್ಬಳೇ ಹತ್ತು ಜನಕ್ಕೆ ಸಮ ಕಣಯ್ಯ,” ಎನ್ನುತ್ತಿದ್ದರು ಜೋಡಿ ಸಾರ್.

ಹತ್ತು ಜನಕ್ಕೆ ಸಮನಾದ ಆ ಹೆಂಡತಿಯ ಗಂಟಲಲ್ಲೇ ಗಂಟು ಕಾಣಿಸಿಕೊಂಡಿತು. ಮೂರು ವರ್ಷದ ಕೆಳಗೆ ಆಕೆಯೂ ಅದೇ ಗಾಜಿನ ಕೋಣೆಯಲ್ಲಿ ಕೂತರು. ಮೈಕು ನೋಡಿ ಹೆದರಿ ಐದು ನಿಮಿಷ ಪೇಪರ್ ಓದಿದರು. ಆಮೇಲೆ ಗಾಜಿನಾಚೆ ನಿಂತಿದ್ದ ಗಂಡ ಕಣ್ಣಿಗೆ ಬಿದ್ದರು, ಸರಿ, ಶುರುವಾಯಿತು. “ರೀ, ಅಲ್ಲಿ ನಿಂತು ಏನ್ ನೋಡ್ತಿದೀರ? ಒಲೆ ಆರಿಸಿ ಬಂದ್ರಾ? ಚಪ್ಪಲಿ ಒಳಗೆ ತರಬೇಡಿ ಅಂದ್ರೆ ಕಿವಿಗೇ ಹೋಗಲ್ಲ. ನಾನು ಬಾಯಿ ಮುಚ್ಚಿದ ಮೇಲೆ ನಿಮಗೆ ಯಾರು ಹೇಳ್ತಾರೆ, ನೋಡೋಣ.” ಹೀಗೇ ನಲವತ್ತು ನಿಮಿಷ ಬೈಗುಳ, ನಡುನಡುವೆ ನಗು.

ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಮನೆಯಲ್ಲಿ ಸ್ಲೇಟು ಬಂತು. ಕರೆಯಬೇಕೆಂದರೆ ಆಕೆ ಎರಡು ಚಪ್ಪಾಳೆ ತಟ್ಟುತ್ತಿದ್ದರು. ಜೋಡಿ ಸಾರ್ ದಿನಾ ಊಟದ ಹೊತ್ತಿಗೆ ಬಟ್ಟೆ ಕೋಣೆಯ ಬಾಗಿಲು ಹಾಕಿಕೊಂಡು, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ, ಹೆಂಡತಿಯ ಕೈಯಲ್ಲಿ ಬೈಸಿಕೊಂಡೇ ಡಬ್ಬಿಯ ಊಟ ಮುಗಿಸುತ್ತಿದ್ದರು. ಮನೆಯಲ್ಲೇ ಇರುವವಳ ದನಿ ಕೇಳಲು ಕೆಲಸಕ್ಕೆ ಬರಬೇಕಾದ ಹಣೆಬರಹ ಅವರದು.

ಬಸುರಿ ಮಗಳಿಗೆ ಎಂಟು ತಿಂಗಳು ತುಂಬಿದಾಗ ಆಕೆ ಸ್ಲೇಟಿನಲ್ಲಿ ಬರೆದರು: ‘ಮಗು ಬರೋಷ್ಟರಲ್ಲಿ ನನ್ನ ದನಿ ಮನೆಗೆ ತನ್ನಿ. ಅಜ್ಜಿ ಮೂಗಿ ಅಂದ್ಕೊಳ್ಳೋದು ಬೇಡ.’

“ತರೋಣ ಬಿಡೆ. ಅರ್ಜಿ ಹಾಕ್ಬೇಕು, ಡಾಕ್ಟರಮ್ಮ ಸಹಿ ಮಾಡ್ಬೇಕು. ಎಲ್ಲಿಗ್ ಹೋಗತ್ತೆ, ಎರಡು ಕಡೆ ಇದೆ.”

ಒಂದು ಕಾಪಿ ಮಾಡಿ ಜೇಬಿಗೆ ಹಾಕಿಕೊಳ್ಳಲು ಎರಡು ನಿಮಿಷ ಸಾಕಿತ್ತು. ಆದರೆ ಅರ್ಜಿಯಿಲ್ಲದೆ ಬಂದ ಎಷ್ಟೋ ಜನರನ್ನು ಅವರೇ ವಾಪಸ್ ಕಳಿಸಿದ್ದರು. ಊರಿಗೊಂದು ನ್ಯಾಯ, ತನಗೊಂದು ನ್ಯಾಯ ಮಾಡುವ ಜಾತಿಯಲ್ಲ ಈ ಮನುಷ್ಯ.

ಎರಡು ಕಡೆ ಎಂದದ್ದು ಸುಳ್ಳಲ್ಲ. ಸರ್ವರಿನಲ್ಲಿ ಎರಡು ಡಿಸ್ಕುಗಳಿದ್ದವು. ಒಂದರಲ್ಲಿ ಬರೆದದ್ದು ಅದೇ ಗಳಿಗೆಗೆ ಇನ್ನೊಂದರಲ್ಲೂ ಬರೆಯಲ್ಪಡುತ್ತಿತ್ತು. ರೇಡ್ ಎನ್ನುತ್ತಾರೆ ಆ ಏರ್ಪಾಟಿಗೆ. ಒಂದು ಕೆಟ್ಟರೆ ಮೆಷೀನು ನಿಲ್ಲಿಸದೆಯೇ ಅದನ್ನು ಎಳೆದು ಹೊಸದನ್ನು ತಳ್ಳಿದರಾಯಿತು, ಉಳಿದದ್ದು ತಾನೇ ಹೊಸದಕ್ಕೆ ಎಲ್ಲವನ್ನೂ ನಕಲು ಮಾಡಿಕೊಡುತ್ತದೆ. ಅರ್ಜಿಗೆ ಸಹಿ ಬೀಳುವ ಮೊದಲೇ ಒಂದು ದಿನ ಎಚ್ಚರಿಕೆಯ ದೀಪ ಹತ್ತಿತು, ಅದೂ ಮೊದಲನೆಯ ಡಿಸ್ಕಿಗೆ, ಮೆಷೀನು ಶುರುವಾಗುವುದೇ ಯಾವುದರಿಂದಲೋ ಅದಕ್ಕೆ. ಸತ್ತಿರಲಿಲ್ಲ, ಮುದಿಯಾಗಿತ್ತು ಅಷ್ಟೆ.

ಮಂಗಳವಾರ ಬೆಳಿಗ್ಗೆ ಜೋಡಿ ಸಾರ್ ಡಿಸ್ಕಿನ ನಂಬರನ್ನು ಎರಡು ಕನ್ನಡಕದಲ್ಲೂ ಓದಿ, ಹಳೆಯದನ್ನು ಎಳೆದು, ಹೊಸದನ್ನು ಕೂರಿಸಿದರು. ನಕಲು ಶುರುವಾಯಿತು. ನೂರಕ್ಕೆ ನಾಲ್ಕು, ಐದು, ಆರು.

ಹೊರಗೆ ತೆಗೆದ ಡಿಸ್ಕಿನಲ್ಲಿ ರೋಗಿಗಳ ವಿಷಯವೆಲ್ಲ ಇರುತ್ತದೆ, ಯಾರ ಕೈಗೂ ಸಿಗಬಾರದು. ಅದಕ್ಕೆ ಮೂರು ತೂತು ಕೊರೆದು ಬಿಸಾಡಬೇಕೆಂದು ನಿಯಮ. ಬರೆದವರು ಜೋಡಿ ಸಾರೇ. ‘ನಕಲು ಪೂರ್ತಿ ಮುಗಿದ ಮೇಲೆ’ ಎಂದೂ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು.

ಹನ್ನೊಂದೂವರೆಗೆ ಬಡಗಿ ಡ್ರಿಲ್ ಹಿಡಿದು ಬಂದ. “ಸಾರ್, ಈಗ ಕೊರೆದ್ರೆ ಕೊರೆದೆ. ಆಮೇಲೆ ಮೇಲಿನ ವಾರ್ಡಿನ ಬಾಗಿಲಿಗೆ ಹೋಗ್ತೀನಿ, ಇನ್ನು ಮುಂದಿನ ಮಂಗಳವಾರವೇ.”

ಜೋಡಿ ಸಾರ್ ಪರದೆ ನೋಡಿದರು. ನಲವತ್ತು. ಇಷ್ಟು ವರ್ಷದಲ್ಲಿ ಏಳು ಡಿಸ್ಕು ಬದಲಾಯಿಸಿದ್ದರು, ಒಂದೂ ಕೈ ಕೊಟ್ಟಿರಲಿಲ್ಲ. ರೋಗಿಗಳ ಗುಟ್ಟು ಒಂದು ವಾರ ಮೇಜಿನ ಮೇಲೆ ಬಿದ್ದಿರುವುದು ಅವರಿಗೆ ಸರಿಬರಲಿಲ್ಲ. “ಕೊರಿ,” ಎಂದರು. ಬಡಗಿ ಹಿಡಿದುಕೊಳ್ಳಲು ಹೇಳಿದ್ದಕ್ಕೆ ತಾವೇ ಇಕ್ಕಳದಲ್ಲಿ ಹಿಡಿದುಕೊಂಡರು.

ಅರವತ್ತೊಂದಕ್ಕೆ ನಕಲು ನಿಂತಿತು. ಉಳಿದಿದ್ದ ಎರಡನೆಯ ಡಿಸ್ಕಿನೊಳಗೆ ಟಕ್ ಟಕ್ ಎಂದು ಸದ್ದಾಯಿತು. ಆಮೇಲೆ ಸದ್ದೂ ಇಲ್ಲ. ಜೋಡಿ ಸಾರ್ ಮೇಜಿನ ಮೇಲಿದ್ದ ಹಳೆಯ ಡಿಸ್ಕನ್ನು ಎತ್ತಿಕೊಂಡರು. ಕೊರೆಯದಿದ್ದರೆ ಇನ್ನೂ ಎರಡು ದಿನವಾದರೂ ಉಸಿರಾಡುತ್ತಿತ್ತು ಅದು. ಮೂರು ತೂತುಗಳಲ್ಲಿ ಆಚೆಯ ಗೋಡೆ ಕಾಣುತ್ತಿತ್ತು.

ಎರಡನೆಯ ಡಿಸ್ಕಿನ ರೋಗ ಇಂದಿನದಲ್ಲ, ಒಳಗೊಳಗೇ ಬಹಳ ದಿನದಿಂದ ಕೊಳೆಯುತ್ತಿತ್ತು. ಅದನ್ನು ಕಂಡುಹಿಡಿಯಲೆಂದೇ ವಾರಕ್ಕೊಮ್ಮೆ ಮಧ್ಯಾಹ್ನ ಎರಡೂ ಡಿಸ್ಕುಗಳನ್ನು ತಲೆಯಿಂದ ಬುಡದವರೆಗೆ ಓದಿ ನೋಡುವ ತಪಾಸಣೆಯೊಂದು ತಾನಾಗಿ ನಡೆಯುತ್ತಿತ್ತು. ಅದನ್ನು ನಿಲ್ಲಿಸಿದ್ದು ಯಾರೆಂದರೆ ಜೋಡಿ ಸಾರ್. ತಪಾಸಣೆ ನಡೆಯುವಾಗ ಮೆಷೀನು ನಿಧಾನವಾಗಿ, ಊಟದ ಹೊತ್ತಿಗೆ ಹೆಂಡತಿಯ ದನಿ ತಡೆತಡೆದು ಬರುತ್ತಿತ್ತು. ಆಪರೇಷನ್ನಿಗೆ ಮುಂಚಿನ ಕೊನೆಯ ದಿನಗಳಲ್ಲಿ ಬರುತ್ತಿದ್ದ ಹಾಗೆ. ಅವರಿಗೆ ತಡೆಯಲಾಗಲಿಲ್ಲ. ಒಂದು ತಿಂಗಳಿಗೆಂದು ನಿಲ್ಲಿಸಿದ್ದು ಎರಡು ವರ್ಷವಾಗಿತ್ತು. ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡಿದ್ದರು, ಅದೂ ಪ್ರೀತಿಯಿಂದ.

ಡಾಕ್ಟರಮ್ಮ ಬೈಯಲಿಲ್ಲ. ನಕಲಾದ ಭಾಗದಲ್ಲಿ ಏನಿದೆ ಎಂದು ಕೇಳಿದರು.

“ಮೆಷೀನ್ ಶುರುವಾಗೋದಕ್ಕೆ ಬೇಕಾದ್ದಿದೆ ಮೇಡಂ, ಹಳೇ ಚೀಟಿಗಳಿವೆ. ದನಿಗಳು ಕೊನೇಲಿದ್ವು.”

“ಇನ್ನೊಂದು ಕಾಪಿ ಬೇರೆ ಕಡೆ ಇಡೋಕೆ ಪೆಟ್ಟಿಗೆ ಬೇಕು ಅಂತ ನೀವು ಬರೆದಿದ್ರಲ್ಲ?”

“ಮೂರು ಸಲ ಬರೆದಿದ್ದೆ.”

ಮಂಜೂರು ಮಾಡುತ್ತೇವೆ ಎಂದರು ಆಕೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಜೋಡಿ ಸಾರ್ ತಲೆ ಆಡಿಸಿ ಹೊರಟರು. ಕೊಡೆ ಎರಡೂ ಬಟ್ಟೆ ಕೋಣೆಯಲ್ಲೇ ಉಳಿದವು.

ಮನೆಯಲ್ಲಿ ಹೆಂಡತಿ ಮಗುವಿಗೆಂದು ಹಳೆಯ ಸೀರೆ ಹರಿದು ಮಡಿಸುತ್ತಿದ್ದರು. ಜೋಡಿ ಸಾರ್ ಚಪ್ಪಲಿ ಹಾಕಿಕೊಂಡೇ ಒಳಗೆ ಬಂದು ಎದುರು ಕೂತರು. ಎಲ್ಲವನ್ನೂ ಹೇಳಿದರು. ಡ್ರಿಲ್ಲು, ತೂತು, ನಿಲ್ಲಿಸಿದ ತಪಾಸಣೆ, ಯಾವುದನ್ನೂ ಬಿಡಲಿಲ್ಲ. “ನಾನೇ ಹಿಡ್ಕೊಂಡಿದ್ದೆ ಕಣೆ, ಅವನು ಕೊರೆಯುವಾಗ.”

ಆಕೆ ಸ್ಲೇಟು ಎಳೆದುಕೊಂಡು ಬರೆದರು: ‘ನನ್ನದು ಮಾತ್ರ ತಾನೇ?’

“ಇಲ್ಲ. ಎಲ್ಲಾರದ್ದೂ. ಅದರಲ್ಲಿ ಎಷ್ಟೋ ಜನ ಈಗ ಇಲ್ಲ. ನಾಳೆಯಿಂದ ಒಬ್ಬೊಬ್ಬರ ಮನೆಗೂ ಫೋನ್ ಮಾಡಬೇಕು.”

ಆಕೆ ಸ್ಲೇಟು ಒರೆಸಿದರು. ಅಂಗೈಯೆಲ್ಲ ಬಳಪದ ಪುಡಿ. ಮತ್ತೆ ಬರೆದರು: ‘ನಾನು ಏನು ಮಾತಾಡಿದ್ದೆ? ಮರೆತಿದೀನಿ. ಹೇಳಿ.’

ಅದೊಂದು ಅವರಿಗೆ ಬಾಯಿಪಾಠ ಇತ್ತು. ಜೋಡಿ ಸಾರ್ ಗಂಟಲು ಸರಿಮಾಡಿಕೊಂಡರು. “ರೀ, ಅಲ್ಲಿ ನಿಂತು ಏನ್ ನೋಡ್ತಿದೀರ? ಒಲೆ ಆರಿಸಿ ಬಂದ್ರಾ? ಚಪ್ಪಲಿ ಒಳಗೆ ತರಬೇಡಿ ಅಂದ್ರೆ…” ಮಾತು ಒಂದೂ ತಪ್ಪಲಿಲ್ಲ. ಆದರೆ ಬಂದದ್ದೆಲ್ಲ ಅವರದೇ ದನಿ, ದಪ್ಪಗೆ, ದಣಿದು. ಮನಸ್ಸಿನೊಳಗೆ ಆಕೆಯ ದನಿ ಹುಡುಕಿದರು. ಅಲ್ಲೂ ಆ ಮಾತುಗಳು ಈಗ ತಮ್ಮ ದನಿಯಲ್ಲೇ ಇದ್ದವು.

ಆಕೆ ತಲೆ ಅಲ್ಲಾಡಿಸಿ ಬರೆದರು: ‘ಹಾಗಲ್ಲ ನಾನು ಹೇಳ್ತಿದ್ದದ್ದು.’

ಅವರು ಸ್ವಲ್ಪ ಎಳೆದು, ಸಣ್ಣ ದನಿ ಮಾಡಿ ಮತ್ತೊಮ್ಮೆ ಹೇಳಿದರು. ಆಕೆ ಮತ್ತೆ ತಲೆ ಅಲ್ಲಾಡಿಸಿದರು.

“ಮತ್ತೆ ಹೇಗೆ ಹೇಳ್ತಿದ್ದೆ?” ಎಂದರು ಜೋಡಿ ಸಾರ್.

ಆಕೆ ತೋರಿಸಿಕೊಡಲೆಂದು ಬಾಯಿ ತೆರೆದರು. ಬರಿಯ ಉಸಿರು ಬಂತು.